ಮುಂಬಯಿಯ ಬಾಡಿಗೆಯ ಮನೆ: ಸಾಲ, ಆದಾಯ, ದುರಸ್ತಿಗಳ ಚರಿತ್ರೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ನಾಣ್ಣುಡಿ ತನ್ನ ವಾಸಕ್ಕಾಗಿ ಮನೆ ಕಟ್ಟುವ ಗೃಹಸ್ಥನನ್ನು ಕುರಿತದ್ದು. ಪರರ ವಾಸಕ್ಕೆಂದು ಸಾಲ ಮಾಡಿ ಮನೆ ಕಟ್ಟಿಸಿ, ತಿಂಗಳ ಬಾಡಿಗೆಯಿಂದ ಆ ಸಾಲವನ್ನು ತೀರಿಸಹೊರಟವನ ಕಷ್ಟಸುಖಗಳನ್ನು ಕುರಿತು ಹಳೆಯ ಗಾದೆಗಳು ಬಹುಮಟ್ಟಿಗೆ ಮೌನವಾಗಿವೆ. ಬಾಡಿಗೆಯ ಮನೆಯೇ ಒಂದು ದೊಡ್ಡ ಉದ್ಯಮವಾಗಿ ಬೆಳೆದುದು ಗಿರಣಿ, ಬಂದರು, ಕಚೇರಿಗಳು ಲಕ್ಷಾಂತರ ಜನರನ್ನು ಹಳ್ಳಿಗಳಿಂದ ಸೆಳೆದುಕೊಂಡ ಮಹಾನಗರಗಳಲ್ಲಿ. ಭಾರತದಲ್ಲಿ ಇದರ ಚರಿತ್ರೆಯನ್ನು ತಿಳಿಯಲು ಮುಂಬಯಿಗಿಂತ ಒಳ್ಳೆಯ ಕ್ಷೇತ್ರ ಬೇರೊಂದಿಲ್ಲ. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಈ ನಗರವೇ ರಾಜಧಾನಿಯಾಗಿದ್ದ ಪ್ರಾಂತಕ್ಕೆ ಸೇರಿದ್ದುವು. ಆ ಜಿಲ್ಲೆಗಳಿಂದಲೂ ದಕ್ಷಿಣ ಕನ್ನಡದಿಂದಲೂ ಬಂದವರ ಜೀವನ ಮೊದಲಾದುದು ಇಲ್ಲಿನ ಚಾಳುಗಳ ಖೋಲಿಗಳಲ್ಲಿಯೇ ಎಂಬುದರಿಂದ, ಈ ವಿಷಯ ಕನ್ನಡಿಗರಿಗೆ ಪರಕೀಯವೂ ಅಲ್ಲ.

ಬಾಡಿಗೆಯ ಮನೆಯೆಂಬುದು ಕಲ್ಲುಮರಗಳ ಕಟ್ಟಡವಾಗಿರುವಂತೆಯೇ ಒಂದು ಲೆಕ್ಕದ ಪುಸ್ತಕವೂ ಆಗಿದೆ. ಬಂದ ಬಾಡಿಗೆಯ ಮೇಲೆ ನಾಲ್ಕು ಹಕ್ಕುದಾರರಿರುತ್ತಾರೆ: ಸಾಲ ಕೊಟ್ಟವನಿಗೆ ಬಡ್ಡಿ, ನಗರಸಭೆಗೆ ತೆರಿಗೆ, ಕಟ್ಟಡಕ್ಕೆ ದುರಸ್ತಿ, ಮಾಲೀಕನಿಗೆ ಲಾಭ. ಮೊದಲಿನ ಇಬ್ಬರು ಕೇಳಿ ಪಡೆಯಬಲ್ಲರು, ಕೊಡದಿದ್ದರೆ ನ್ಯಾಯಾಲಯಕ್ಕೆ ಹೋಗಬಲ್ಲರು. ಕಡೆಯವನು ತಾನೇ ತೆಗೆದುಕೊಳ್ಳುತ್ತಾನೆ. ಕಟ್ಟಡಕ್ಕೆ ಮಾತ್ರ ಬಾಯಿಲ್ಲ. ಮುಂಬಯಿಯ ಒಂದೂವರೆ ಶತಮಾನದ ಬಾಡಿಗೆಯ ಚರಿತ್ರೆಯೆಂದರೆ ಈ ಬಾಯಿಲ್ಲದ ಹಕ್ಕುದಾರನ ಪಾಲು ಹೇಗೆ ಹೇಗೆ ಕಡಿತವಾಯಿತು, ಅದನ್ನು ಉಳಿಸಿಕೊಡಲು ಯಾರು ಯಾರು ಯತ್ನಿಸಿದರು ಎಂಬುದರ ಚರಿತ್ರೆಯೇ ಆಗಿದೆ.

ಚಾಳುಗಳ ಬಂಡವಾಳ

ಮುಂಬಯಿ–ಠಾಣೆಯ ರೈಲು ಹೊರಟುದು 1853ರಲ್ಲಿ. ಕಾವಸಜಿ ನಾನಾಭಾಯಿ ದಾವರ್ ಅವರು ನಗರದ ಮೊದಲ ಹತ್ತಿಗಿರಣಿಯನ್ನು ಸ್ಥಾಪಿಸಿದುದು 1854ರಲ್ಲಿ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ತಪ್ಪಿದಾಗ, ಧಾರವಾಡದ ಸೀಮೆಯ ಹತ್ತಿಯೂ ಸೇರಿದಂತೆ ಪಶ್ಚಿಮ ಭಾರತದ ಹತ್ತಿಗೆ ಕಂಡರಿಯದ ಬೆಲೆ ಬಂದಿತು. ಆ ಹಣ ಷೇರುಗಳಿಗೆ ಹರಿಯಿತು. ಕಡಲನ್ನು ಹೂಳಿ ನೆಲ ಮಾಡುವ ಬ್ಯಾಕ್‌ಬೇ ಕಂಪನಿಯ ಷೇರುಗಳು ಮುಖಬೆಲೆಯ ಹಲವು ಪಟ್ಟು ಏರಿದುವು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆಗಳೆಲ್ಲ ಕುಸಿದು, ಬ್ಯಾಂಕುಗಳೂ ವರ್ತಕರ ಮನೆತನಗಳೂ ದಿವಾಳಿಯಾದುವು. ಕಾಗದದ ಮೇಲಿನ ಸಂಪತ್ತು ಒಂದೇ ಬೇಸಗೆಯಲ್ಲಿ ಕರಗಿದುದನ್ನು ಕಂಡ ಊರಿನಲ್ಲಿ, ಕಣ್ಣಿಗೆ ಕಾಣುವ ನೆಲ ಮತ್ತು ಕಟ್ಟಡಗಳ ಮೇಲೆ ನಂಬಿಕೆ ಹೆಚ್ಚಿದುದು ಸಹಜವೇ ಸರಿ.

ಗಿರಣಿಗಳು ಹೆಚ್ಚಿದಂತೆ ಗಿರಗಾಂವ, ಬೈಕಳಾ, ಪರೇಲಗಳಲ್ಲಿ ಚಾಳುಗಳು ಎದ್ದುವು. ಉದ್ದನೆಯ ಒಂದು ಮೊಗಸಾಲೆ, ಅದಕ್ಕೆ ಬಾಗಿಲು ತೆರೆದ ಒಂದೊಂದು ಕೋಣೆ, ಕೊನೆಯಲ್ಲಿ ಎಲ್ಲರಿಗೂ ಸೇರಿದ ನಲ್ಲಿ ಮತ್ತು ಶೌಚಗೃಹ — ಇದು ಚಾಳಿನ ಸಾಮಾನ್ಯ ವಿನ್ಯಾಸ. ಇವನ್ನು ಕಟ್ಟಿಸಿದವರಲ್ಲಿ ಗಿರಣಿಯ ಒಡೆಯರಿದ್ದರು. ಆದರೆ ಅವರೊಡನೆ, ಜೀವಮಾನದ ಉಳಿತಾಯವನ್ನು ಒಂದು ಕಟ್ಟಡದಲ್ಲಿ ಹೂಡಿದ ಮಧ್ಯಮ ದರ್ಜೆಯ ವ್ಯಾಪಾರಿಗಳೂ ಇದ್ದರು. ಅಂಥವರ ಕೈಯಲ್ಲಿ ಪೂರ್ಣ ಬಂಡವಾಳವಿರುತ್ತಿದ್ದುದು ಅಪರೂಪ. ಉಳಿದುದು ಸಾಹುಕಾರನಿಂದಲೋ ಶರಾಫನಿಂದಲೋ ಬರಬೇಕಾಗಿದ್ದಿತು. ಇದಕ್ಕೆ ಮುಂಬಯಿಯಲ್ಲಿ ಕಾನೂನಿನ ಅನುಕೂಲವೊಂದಿದ್ದಿತು. 1882ರ ಆಸ್ತಿ ವರ್ಗಾವಣೆಯ ಅಧಿನಿಯಮವು ಮುಂಬಯಿ, ಕಲಕತ್ತೆ, ಮದರಾಸುಗಳಂಥ ಕೆಲವೇ ನಗರಗಳಲ್ಲಿ, ನೋಂದಣಿಯಾದ ಅಡಮಾನಪತ್ರವಿಲ್ಲದೆ ಆಸ್ತಿಯ ಹಕ್ಕುಪತ್ರಗಳನ್ನು ಸಾಲಗಾರನು ಧನಿಕನಲ್ಲಿ ಇರಿಸಿದ ಮಾತ್ರಕ್ಕೇ ಅಡಮಾನವೆಂದು ಒಪ್ಪಿತು. ಹಾವೇರಿಯಲ್ಲೋ ಕುಮಟೆಯಲ್ಲೋ ಮನೆಯುಳ್ಳವನು ಮುದ್ರಾಂಕದ ಕಾಗದ ಬರೆಯಿಸಿ ನೋಂದಣಿ ಕಚೇರಿಗೆ ಹೋಗಬೇಕಾಗಿದ್ದಾಗ, ಮುಂಬಯಿಯ ಮಾಲೀಕನು ಪತ್ರಗಳ ಕಟ್ಟನ್ನು ಒಪ್ಪಿಸಿ ಅಂದೇ ಹಣ ತರಬಹುದಾಗಿದ್ದಿತು. ನಗರದ ಕಟ್ಟಡಗಳು ಶೀಘ್ರವಾಗಿ ಏಳುವುದಕ್ಕೆ ಈ ಸೌಲಭ್ಯ ನೆರವಾಯಿತು.

ಆಡಳಿತವನ್ನು ಮಾಲೀಕನು ಸ್ವತಃ ನೋಡುತ್ತಿದ್ದುದು ಕಡಿಮೆ. ಗುಮಾಸ್ತನೊಬ್ಬನು ತಿಂಗಳ ಮೊದಲ ವಾರದಲ್ಲಿ ಮೊಗಸಾಲೆಯುದ್ದಕ್ಕೂ ನಡೆದು ಬಾಡಿಗೆ ವಸೂಲು ಮಾಡುವುದುಂಟು; ಇಲ್ಲವೆ, ಇಡೀ ಚಾಳನ್ನೇ ಒಬ್ಬ ಮಧ್ಯವರ್ತಿಗೆ ಗುತ್ತಿಗೆ ಕೊಟ್ಟು, ಅವನಿಂದ ನಿಶ್ಚಿತ ಮೊತ್ತವನ್ನು ಪಡೆದು ನಿಶ್ಚಿಂತನಾಗಿರುವುದುಂಟು. ಈ ಎರಡನೆಯ ಪದ್ಧತಿಯಲ್ಲಿ ಖಾಲಿ ಕೋಣೆಯ ಚಿಂತೆಯೂ ಬಾಕಿಯ ಜಗಳವೂ ಮಧ್ಯವರ್ತಿಯ ಪಾಲಿಗೆ ಹೋಗುತ್ತಿದ್ದುವು. ಆದರೆ ಆತನಿಗೆ ಕಟ್ಟಡದಲ್ಲಿ ಸ್ವಾಮ್ಯವಿಲ್ಲ. ಗುತ್ತಿಗೆಯ ಅವಧಿಯಲ್ಲಿ ಬಂದಷ್ಟು ಬಾಚಿಕೊಳ್ಳುವುದೇ ಅವನ ಹಿತ. ಬಾಡಿಗೆದಾರನೂ ತನ್ನ ಒಂದೇ ಖೋಲಿಯಲ್ಲಿ ಊರಿನಿಂದ ಬಂದ ನಾಲ್ಕಾರು ಜನರನ್ನು ಇರಿಸಿಕೊಂಡು ಅವರಿಂದ ಹಣ ಪಡೆಯುತ್ತಿದ್ದನು. ಹೀಗೆ ಒಂದೇ ಛಾವಣಿಯಡಿಯಲ್ಲಿ ಮೂರು ನಾಲ್ಕು ಮೆಟ್ಟಲಿನ ಬಾಡಿಗೆಗಳು ಹುಟ್ಟಿದರೂ, ಸೋರುವ ಹಂಚನ್ನು ಬದಲಿಸಬೇಕಾದವನು ಯಾರೆಂಬುದು ಅಸ್ಪಷ್ಟವಾಗಿಯೇ ಉಳಿಯಿತು.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಅಂಕಿಗಳು ವಿವರಣೆಗಾಗಿ ಕಲ್ಪಿಸಿದುವು. ಇಪ್ಪತ್ತು ಖೋಲಿಗಳ ಚಾಳು; ವೆಚ್ಚ 20,000 ರೂಪಾಯಿ; ಅದರಲ್ಲಿ 12,000 ಸಾಲ. ಖೋಲಿಗೆ ತಿಂಗಳಿಗೆ 8 ರೂಪಾಯಿಯಂತೆ ವರ್ಷದ ಬಾಡಿಗೆ 1,920. ಶೇಕಡಾ 6ರ ಬಡ್ಡಿ 720, ತೆರಿಗೆ 288, ವಸೂಲಿಯ ಖರ್ಚು 115, ದುರಸ್ತಿ 200, ಖಾಲಿ ಬಿದ್ದ ಕೋಣೆಗಳ ನಷ್ಟ 160 — ಇವೆಲ್ಲ ಕಳೆದರೆ ಮಾಲೀಕನಿಗೆ ಉಳಿಯುವುದು 437. ಸ್ವಂತದ 8,000ಕ್ಕೆ ಇದು ಶೇಕಡಾ ಐದೂವರೆಯಷ್ಟು, ತಕ್ಕ ಪ್ರತಿಫಲವೇ. ಈಗ ಬಡ್ಡಿ ಶೇಕಡಾ 9ಕ್ಕೆ ಏರಿತೆನ್ನೋಣ. ಉಳಿಯುವುದು 77 ರೂಪಾಯಿ ಮಾತ್ರ. ಇದರ ಮೇಲೆ ಮೂರು ಖೋಲಿಗಳು ವರ್ಷವಿಡೀ ಖಾಲಿ ಬಿದ್ದರೆ, ಉಳಿತಾಯದ ಬದಲು 51 ರೂಪಾಯಿಗಳ ನಷ್ಟ. ಆಗ ಮಾಲೀಕನು ಬಡ್ಡಿಯನ್ನು ನಿಲ್ಲಿಸಲಾರ, ತೆರಿಗೆಯನ್ನು ತಪ್ಪಿಸಲಾರ. ಈ ವರ್ಷ ದುರಸ್ತಿ ಬೇಡವೆಂದರೆ ಮಾತ್ರ 149 ರೂಪಾಯಿ ಕೈಗೆ ಬರುತ್ತದೆ. ದುಷ್ಟನಲ್ಲದ ಮಾಲೀಕನೂ ದುರಸ್ತಿಯನ್ನು ಮುಂದೂಡುವುದು ಹೀಗೆ.

ಪ್ಲೇಗು, ಟ್ರಸ್ಟು ಮತ್ತು ಸರಕಾರದ ಚಾಳುಗಳು

1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಡಾಕ್ಟರ್ ಅಕಾಸಿಯೊ ವಿಯೇಗಾಸ್ ಅವರು ಪ್ಲೇಗನ್ನು ಗುರುತಿಸಿದರು. ಕೆಲವೇ ತಿಂಗಳುಗಳಲ್ಲಿ ಲಕ್ಷಾಂತರ ಜನ ನಗರವನ್ನು ಬಿಟ್ಟೋಡಿದರು. ಖಾಲಿ ಕೋಣೆಯೆಂಬ ಅಪಾಯವನ್ನು ಲೆಕ್ಕಕ್ಕೆ ಹಿಡಿಯದೆ ಸಾಲ ಮಾಡಿದ್ದ ಮಾಲೀಕರಿಗೆ ಅದು ಒಮ್ಮೆಲೇ ಎದುರಾಯಿತು. ಗಾಳಿ ಬೆಳಕುಗಳಿಲ್ಲದ ಚಾಳುಗಳು ರೋಗದ ಗೂಡೆಂದು ತಿಳಿದ ಸರಕಾರವು 1898ರಲ್ಲಿ ನಗರ ಸುಧಾರಣಾ ಟ್ರಸ್ಟನ್ನು ಸ್ಥಾಪಿಸಿತು. ಸಾಲಪತ್ರಗಳನ್ನು ಮಾರಿ ಬಂಡವಾಳ ಕೂಡಿಸಿ, ಇಕ್ಕಟ್ಟಾದ ಕೇರಿಗಳನ್ನು ಕೆಡವಿ, ಅಗಲವಾದ ರಸ್ತೆಗಳನ್ನು ತೆಗೆದು, ಹೊಸ ನಿವೇಶನಗಳನ್ನು ದೀರ್ಘಾವಧಿಯ ಗೇಣಿಗೆ ಕೊಡುವುದು ಟ್ರಸ್ಟಿನ ಕಾರ್ಯಕ್ರಮ. ದಾದರ, ಮಾಟುಂಗಾಗಳ ಅಂದವಾದ ಬಡಾವಣೆಗಳು ಅದರ ಕೊಡುಗೆಯೆಂಬುದು ನಿಜ. ಆದರೆ ಕೆಡವಿದುದು ಬಡವರ ಮನೆ, ಎದ್ದುದು ಮಧ್ಯಮ ವರ್ಗದ ಮನೆ. ಉಳಿದ ಚಾಳುಗಳಲ್ಲಿ ಜನಸಂದಣಿಯೂ ಬಾಡಿಗೆಯೂ ಏರಿದುವು. 1933ರಲ್ಲಿ ಟ್ರಸ್ಟು ನಗರಸಭೆಯಲ್ಲಿ ವಿಲೀನವಾಯಿತು.

ಮೊದಲ ಮಹಾಯುದ್ಧದಲ್ಲಿ ಕಟ್ಟಡದ ಸಾಮಗ್ರಿಗಳು ದುರ್ಲಭವಾಗಿ ಬಾಡಿಗೆಗಳು ಮಿತಿಮೀರಿದಾಗ, 1918ರಲ್ಲಿ ಮೊದಲ ಬಾಡಿಗೆ ನಿಯಂತ್ರಣದ ಕಾನೂನು ಬಂದಿತು. 1916ರ ಜನವರಿ 1ರಂದು ಇದ್ದ ಬಾಡಿಗೆಯನ್ನೇ ಪ್ರಮಾಣವಾಗಿ ಹಿಡಿಯಬೇಕೆಂದು ಅದು ವಿಧಿಸಿತು. ಕಾಲಮಿತಿಯ ಕಾನೂನಾಗಿದ್ದ ಇದು 1920ರ ದಶಕ ಮುಗಿಯುವುದರೊಳಗೆ ತೆರೆಗೆ ಸರಿಯಿತು.

ಅದೇ ಕಾಲದಲ್ಲಿ ಸರಕಾರ ತಾನೇ ಮಾಲೀಕನಾಗುವ ಸಾಹಸಕ್ಕೆ ಕೈಯಿಕ್ಕಿತು. ಗವರ್ನರ್ ಜಾರ್ಜ್ ಲಾಯಿಡ್ ಅವರ ಕಾಲದಲ್ಲಿ, 1920ರಲ್ಲಿ, ಮುಂಬಯಿ ಅಭಿವೃದ್ಧಿ ಇಲಾಖೆ ಹುಟ್ಟಿತು. ಕಾರ್ಮಿಕರಿಗಾಗಿ 50,000 ಖೋಲಿಗಳನ್ನು ಕಟ್ಟಬೇಕೆಂಬುದು ಸಂಕಲ್ಪ. ಬಂಡವಾಳಕ್ಕೆ ಸಾರ್ವಜನಿಕ ಸಾಲ. ನಷ್ಟವನ್ನು ತುಂಬಲು ನಗರಕ್ಕೆ ಬರುವ ಹತ್ತಿಯ ಅಂಡಿಗೆಗಳ ಮೇಲೆ ಸುಂಕ. ವರಳಿ, ನಾಯಗಾಂವ, ಡಿಲೈಲ್ ರಸ್ತೆ, ಶಿವಡಿಗಳಲ್ಲಿ ಒಟ್ಟು 207 ಕಾಂಕ್ರೀಟಿನ ಚಾಳುಗಳು ಎದ್ದುವು. ಒಂದೊಂದು ಖೋಲಿ 160 ಚದರಡಿ; ಒಟ್ಟು ಹದಿನಾರು ಸಾವಿರಕ್ಕೆ ಮೀರಿದ ಖೋಲಿಗಳು. ಅಷ್ಟಕ್ಕೇ ಯೋಜನೆ ನಿಂತಿತು. ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಯುದ್ಧಾನಂತರದ ದುಬಾರಿಯಲ್ಲಿ, ದುಬಾರಿ ಬಡ್ಡಿಗೆ ತಂದ ಹಣದಿಂದ ಕಟ್ಟಿದ ಮನೆಯ ನಿಜವಾದ ಬಾಡಿಗೆಯನ್ನು ಗಿರಣಿಯ ಕೆಲಸಗಾರನು ಕೊಡಲಾರದಾದನು. ಬಾಡಿಗೆಯನ್ನು ಇಳಿಸಿದರೂ ಕೆಲಸದ ಸ್ಥಳಕ್ಕೆ ದೂರವಾದ ವರಳಿಯಲ್ಲಿ ಸಾವಿರಾರು ಖೋಲಿಗಳು ವರ್ಷಗಟ್ಟಲೆ ಖಾಲಿ ಬಿದ್ದಿದ್ದುವು. ಬೆಲೆಯ ಶಿಖರದಲ್ಲಿ ಕಟ್ಟಿಸುವುದು, ಬಾಡಿಗೆದಾರನ ಆದಾಯವನ್ನು ವಿಚಾರಿಸದಿರುವುದು, ಸ್ಥಳದ ಗುಣವನ್ನು ಅಲಕ್ಷಿಸುವುದು — ಹೊಸದಾಗಿ ಈ ಉದ್ಯಮಕ್ಕಿಳಿಯುವ ಗೃಹಸ್ಥನು ಮಾಡುವ ಮೂರು ತಪ್ಪುಗಳನ್ನೂ ಒಂದು ಸರಕಾರವೇ ದೊಡ್ಡ ಪ್ರಮಾಣದಲ್ಲಿ ಮಾಡಿದುದು ಇಲ್ಲಿ ಕಾಣುತ್ತದೆ.

ಬಾಡಿಗೆದಾರನೇ ಒಡೆಯನಾದ ಪ್ರಯೋಗ

ಇದಕ್ಕೆ ತೀರ ಭಿನ್ನವಾದ ದಾರಿಯೊಂದನ್ನು ತೋರಿಸಿದವರು ಕನ್ನಡ ಕರಾವಳಿಯ ಮೂಲದವರೇ ಆದ ರಾವಬಹಾದ್ದೂರ್ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು. ಇವರ ಚಿತ್ರಾಪುರ ಸಾರಸ್ವತ ಸಮಾಜದ ಮನೆಮಾತು ಕೊಂಕಣಿ, ನೆಲೆ ಕೆನರಾ. ಉದ್ಯೋಗವನ್ನರಸಿ ಮುಂಬಯಿಗೆ ಬಂದ ಈ ಸಮಾಜದ ತರುಣರಿಗೆ ಸಾಲವೂ ಮನೆಯೂ ದುರ್ಲಭವಾಗಿದ್ದುವು. 1904ರ ಸಹಕಾರಿ ಸಾಲ ಸಂಘಗಳ ಕಾನೂನು ಬಂದ ಎರಡೇ ವರ್ಷಗಳಲ್ಲಿ, 1906ರಲ್ಲಿ, ತಲ್ಮಕಿಯವರು ತಮ್ಮ ಹಿರಿಯ ಮಾರ್ಗದರ್ಶಕರಾಗಿದ್ದ ಶಾಮರಾವ್ ವಿಠಲ ಕಾಯ್ಕಿಣಿಯವರ ಹೆಸರಿನಲ್ಲಿ ಸಹಕಾರಿ ಸಾಲ ಸಂಘವನ್ನು ಸ್ಥಾಪಿಸಿದರು. ಮುಂದೆ ಅದೇ ಶಾಮರಾವ್ ವಿಠಲ ಸಹಕಾರಿ ಬ್ಯಾಂಕಾಗಿ ಬೆಳೆಯಿತು. 1912ರ ಕಾನೂನು ಸಾಲೇತರ ಸಂಘಗಳಿಗೂ ಅವಕಾಶ ಕೊಟ್ಟಾಗ, 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ನೋಂದಣಿಯಾಯಿತು. ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿ 1909ರಲ್ಲಿಯೇ ಗೃಹನಿರ್ಮಾಣದ ಸಹಕಾರಿ ಸಂಘವೊಂದು ಹುಟ್ಟಿದ್ದಿತಾದರೂ, ಒಂದೇ ಕಟ್ಟಡಸಮೂಹವನ್ನು ಸದಸ್ಯರು ಕೂಡಿ ಹೊಂದಿ ಅದರಲ್ಲಿಯೇ ಬಾಡಿಗೆಗಿರುವ ಮುಂಬಯಿಯ ಮಾದರಿಗೆ ಬೇರೆಯೇ ಮಹತ್ತ್ವವುಂಟು.

ಈ ಮಾದರಿಯ ಸ್ವರೂಪ ಗಮನಾರ್ಹವಾದುದು. ಕಟ್ಟಡ ಸಂಘದ್ದು, ಸದಸ್ಯನು ಷೇರು ಕೊಂಡು, ತಾನಿರುವ ಮನೆಗೆ ಸಂಘಕ್ಕೆ ಬಾಡಿಗೆ ಕೊಡುತ್ತಾನೆ. ಆ ಬಾಡಿಗೆಯಲ್ಲಿ ಬಡ್ಡಿ, ತೆರಿಗೆ, ದುರಸ್ತಿಯ ನಿಧಿ, ಸಾಲ ತೀರಿಕೆಯ ನಿಧಿ ಎಂಬ ಭಾಗಗಳು ಮೊದಲೇ ನಿಗದಿಯಾಗಿರುತ್ತವೆ. ಸದಸ್ಯನು ಒಬ್ಬನಾಗಿ ಬಾಡಿಗೆದಾರ, ಎಲ್ಲರೊಡನೆ ಕೂಡಿದಾಗ ಮಾಲೀಕ. ಬಾಡಿಗೆಯನ್ನು ತೀರ ಇಳಿಸೆಂದು ಕೂಗಿದರೆ ತನ್ನ ತಲೆಯ ಮೇಲಿನ ಛಾವಣಿಯೇ ಸೋರುವುದು. ತೀರ ಏರಿಸಿದರೆ ತನ್ನ ಜೇಬಿಗೇ ಕತ್ತರಿ. ಬಾಯಿಲ್ಲದ ಹಕ್ಕುದಾರನಾದ ಕಟ್ಟಡಕ್ಕೆ ಮೊದಲ ಬಾರಿಗೆ ಜಮಾಖರ್ಚಿನ ಪುಸ್ತಕದಲ್ಲಿ ಸ್ವಂತದ ಖಾತೆಯೊಂದು ದೊರೆತುದು ಇಲ್ಲಿ. ತಾಡದೇವದ ತಲ್ಮಕಿವಾಡಿ ಆ ಮಹನೀಯರ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ.

ನಿಂತುಹೋದ ಬಾಡಿಗೆ

ಎರಡನೆಯ ಮಹಾಯುದ್ಧ ಬಾಡಿಗೆ ನಿಯಂತ್ರಣವನ್ನು ಮತ್ತೆ ತಂದಿತು. 1939 ಮತ್ತು 1944ರ ಕಾನೂನುಗಳ ಬಳಿಕ ಬಂದ 1947ರ ಮುಂಬಯಿ ಬಾಡಿಗೆ ಕಾನೂನು, 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನು ಪ್ರಮಾಣ ಬಾಡಿಗೆಯೆಂದು ಕಟ್ಟಿಹಾಕಿತು. ದೇಶವಿಭಜನೆಯ ನಿರಾಶ್ರಿತರೂ ಹಳ್ಳಿಗಳ ವಲಸೆಗಾರರೂ ನಗರಕ್ಕೆ ನುಗ್ಗುತ್ತಿದ್ದ ಆ ವರ್ಷಗಳಲ್ಲಿ ಈ ಕಾನೂನು ಲಕ್ಷಾಂತರ ಸಂಸಾರಗಳನ್ನು ಬೀದಿಪಾಲಾಗದಂತೆ ಕಾಪಾಡಿತೆಂಬುದನ್ನು ಯಾವ ಮಾಲೀಕನೂ ಅಲ್ಲಗಳೆಯಲಾರ. ಗುಮಾಸ್ತಗಿರಿಯಲ್ಲಿದ್ದುಕೊಂಡು ರಾತ್ರಿಶಾಲೆಯಲ್ಲಿ ಓದಿದ ಅನೇಕ ಕನ್ನಡಿಗ ತರುಣರ ಏಳಿಗೆಗೂ ಈ ಸ್ಥಿರವಾದ ಬಾಡಿಗೆಯೇ ಆಧಾರವಾಗಿದ್ದಿತು. ಆದರೆ ತಾತ್ಕಾಲಿಕವೆಂದು ಬಂದ ಕಾನೂನು ಮೇಲಿಂದ ಮೇಲೆ ವಿಸ್ತರಣೆ ಪಡೆದು ಅರ್ಧ ಶತಮಾನ ಬಾಳಿತು. ತೆರಿಗೆಯ ಏರಿಕೆಯನ್ನು ಬಾಡಿಗೆದಾರನಿಂದ ಪಡೆಯಲು ಅವಕಾಶವಿದ್ದರೂ ಮೂಲ ಬಾಡಿಗೆ ನಿಂತಲ್ಲಿಯೇ ನಿಂತಿತು. ಗಾರೆಯವನ ಕೂಲಿಯೂ ಸಿಮೆಂಟಿನ ಬೆಲೆಯೂ ಹತ್ತಾರು ಪಟ್ಟು ಏರಿದಾಗ, ಹತ್ತು ರೂಪಾಯಿಯ ಖೋಲಿ ಹತ್ತು ರೂಪಾಯಿಯದಾಗಿಯೇ ಉಳಿಯಿತು.

ಕಾನೂನು ಮುಚ್ಚಿದ ಬಾಗಿಲಿನ ಪಕ್ಕದಲ್ಲಿ ವ್ಯವಹಾರ ಕಿಟಕಿಯೊಂದನ್ನು ತೆರೆಯಿತು. ಅದೇ ಪಗಡಿ. ಹೊಸದಾಗಿ ಬರುವವನು ಒಮ್ಮೆಲೇ ದೊಡ್ಡ ಮೊತ್ತವನ್ನು ಕೊಟ್ಟು, ಬಳಿಕ ನಾಮಮಾತ್ರದ ಬಾಡಿಗೆಯಲ್ಲಿ ಬಹುಮಟ್ಟಿಗೆ ಶಾಶ್ವತವಾಗಿರುತ್ತಾನೆ. ತಾನು ಬಿಡುವಾಗ ಮುಂದಿನವನಿಂದ ಪಗಡಿ ಪಡೆದು ಮಾಲೀಕನಿಗೆ ಅದರಲ್ಲಿ ಒಂದು ಪಾಲು ಕೊಡುತ್ತಾನೆ. 1947ರ ಕಾನೂನು ಇದನ್ನು ಅಪರಾಧವೆಂದೇ ಹೇಳಿದ್ದರೂ ಪಗಡಿಯಿಲ್ಲದೆ ಖೋಲಿ ಸಿಕ್ಕುವುದು ಕಠಿನವಾಯಿತು. ಬೆಂಗಳೂರು ಮುಂತಾದೆಡೆ ರೂಢಿಯಲ್ಲಿರುವ ಭೋಗ್ಯದೊಡನೆ ಇದನ್ನು ಹೋಲಿಸಿದರೆ ಭೇದ ಸ್ಪಷ್ಟವಾಗುತ್ತದೆ. ಭೋಗ್ಯದಲ್ಲಿ ಮಾಲೀಕನು ಪಡೆದ ಇಡುಗಂಟು ಸಾಲ. ಮನೆಯ ಉಪಭೋಗವೇ ಅದರ ಬಡ್ಡಿ. ಅವಧಿ ಮುಗಿದಾಗ ಹಣ ಹಿಂದಿರುಗಬೇಕು, ಮನೆಯೂ ಹಿಂದಿರುಗಬೇಕು. ಪಗಡಿಯಲ್ಲಿ ಹಣವೂ ಹಿಂದಿರುಗದು, ಮನೆಯೂ ಹಿಂದಿರುಗದು. ಭೋಗ್ಯ ಕೊಡುವವನಿಗೆ ಮನೆ ಮತ್ತೆ ತನ್ನ ಕೈಗೆ ಬರುವುದೆಂಬ ಆಸೆಯಿರುವುದರಿಂದ ಅದನ್ನು ಉಳಿಸಿಕೊಳ್ಳುವ ಆಸಕ್ತಿಯಿರುತ್ತದೆ. ಪಗಡಿಯ ಮಾಲೀಕನಿಗೆ ಉಳಿಯುವ ಆಸೆ ಕಟ್ಟಡದ ಕೆಳಗಿನ ನೆಲವೊಂದೇ.

ಉಡುಪಿಯ ಕಡೆಯ ಹೋಟೆಲು ಉದ್ಯಮಿಗಳು ಈ ಬಿಗಿಯಾದ ಕಾನೂನಿನ ನಡುವೆಯೇ ತಮಗೊಂದು ದಾರಿಯನ್ನು ಕಂಡುಕೊಂಡರು. ಜಾಗವನ್ನು ಬಾಡಿಗೆಗೆ ಪಡೆಯುವ ಬದಲು, ನಡೆಯುತ್ತಿರುವ ಹೋಟೆಲನ್ನೇ ಅದರ ಒಡೆಯನ ಪರವಾಗಿ ನಡೆಯಿಸಿ, ತಿಂಗಳಿಗಿಷ್ಟು ಎಂದು ಕೊಡುವ ‘ಕಂಡಕ್ಟಿಂಗ್’ ಕರಾರು ಅದು. 1973ರಲ್ಲಿ ತಿದ್ದುಪಡಿಯಾಗಿ, ಅದೇ ವರ್ಷದ ಫೆಬ್ರವರಿ 1ರಂದು ಲೈಸನ್ಸಿನ ಮೇಲೆ ವಾಸವಾಗಿದ್ದವರೆಲ್ಲ ಬಾಡಿಗೆದಾರರೆಂದು ಪರಿಗಣಿತರಾದಾಗಲೂ, ಹೀಗೆ ಪರರ ಉದ್ಯಮವನ್ನು ನಡೆಯಿಸುವವರು ಆ ರಕ್ಷಣೆಯ ಹೊರಗೇ ಉಳಿದರು. ರಕ್ಷಣೆಯಿಲ್ಲದುದರಿಂದಲೇ ಮಾಲೀಕರು ನಿರ್ಭಯರಾಗಿ ಕರಾರಿಗೆ ಒಪ್ಪಿದರು. ಕೈಯಲ್ಲಿ ದೊಡ್ಡ ಬಂಡವಾಳವಿಲ್ಲದ ತರುಣರಿಗೆ ಉದ್ಯಮದ ಬಾಗಿಲು ತೆರೆಯಿತು.

ಬಿದ್ದ ಗೋಡೆಗಳು

ಮುಂದೂಡಿದ ದುರಸ್ತಿಯ ಬಡ್ಡಿಯನ್ನು ಮಳೆಗಾಲ ವಸೂಲು ಮಾಡತೊಡಗಿತು. ಹಳೆಯ ಕಟ್ಟಡಗಳು ಒಂದೊಂದಾಗಿ ಕುಸಿಯುತ್ತಿದ್ದುದನ್ನು ಕಂಡು ಸರಕಾರ 1969ರಲ್ಲಿ ಕಟ್ಟಡ ದುರಸ್ತಿ ಮಂಡಳಿಯ ಕಾನೂನನ್ನು ತಂದಿತು. ದ್ವೀಪನಗರದ ಸುಮಾರು 19,600 ಕಟ್ಟಡಗಳ ಮೇಲೆ ವಿಶೇಷ ಕರವನ್ನು ಹೇರಿ, ಆ ನಿಧಿಯಿಂದ ದುರಸ್ತಿ ಮಾಡಿಸುವುದು ಉದ್ದೇಶ. ಬಾಡಿಗೆಯೊಳಗಿನಿಂದ ಕಾಣೆಯಾದ ದುರಸ್ತಿಯ ಪಾಲನ್ನು ತೆರಿಗೆಯ ರೂಪದಲ್ಲಿ ಮರಳಿ ತರುವ ಯತ್ನವಿದು. ಕರ ಅಲ್ಪ, ಕಟ್ಟಡಗಳು ಬಹಳ. ಆದುದರಿಂದ ಮಂಡಳಿ ಗೋಡೆಗೆ ಊರುಗೋಲು ಕೊಡಬಲ್ಲುದಾಗಿತ್ತೇ ಹೊರತು ಹೊಸ ಜೀವ ಕೊಡಬಲ್ಲುದಾಗಿರಲಿಲ್ಲ. 2017ರ ಆಗಸ್ಟಿನಲ್ಲಿ ಭೇಂಡಿ ಬಜಾರಿನ ಹುಸೇನಿ ಕಟ್ಟಡ ಕುಸಿದು ಮೂವತ್ತಕ್ಕೂ ಹೆಚ್ಚು ಜನ ಮಡಿದರು. ಮಡಿದವರು ಸಾಲದ ಪತ್ರಕ್ಕೂ ಬಾಡಿಗೆಯ ಕಾನೂನಿಗೂ ಸಹಿ ಮಾಡಿದವರಲ್ಲ.

ನ್ಯಾಯಾಲಯದಲ್ಲಿ ಈ ಪ್ರಶ್ನೆ ನಿರ್ಣಾಯಕವಾಗಿ ಬಂದುದು ‘ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ರಾಜ್ಯ’ ಎಂಬ ಮೊಕದ್ದಮೆಯಲ್ಲಿ. ಮುಂಬಯಿಯ ಮನೆಮಾಲೀಕರ ಅಹವಾಲು ಉಡುಪಿಯ ಬಂದರೊಂದರ ಹೆಸರನ್ನು ಹೊತ್ತು ಕಾನೂನಿನ ಗ್ರಂಥಗಳಲ್ಲಿ ನಿಂತಿರುವುದು ಒಂದು ಸ್ವಾರಸ್ಯ. 1997ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಹುಟ್ಟಿದಾಗ ನ್ಯಾಯಸಮ್ಮತವಾಗಿದ್ದ ಕಾನೂನು ಕಾಲಾಂತರದಲ್ಲಿ ಅನ್ಯಾಯವಾಗಿ ಪರಿಣಮಿಸಬಹುದೆಂದೂ, 1940ರ ಬಾಡಿಗೆಯನ್ನೇ ಹಿಡಿದು ಕುಳಿತಿರುವುದು ಈಗ ಸಮಂಜಸವಲ್ಲವೆಂದೂ ಅಭಿಪ್ರಾಯಪಟ್ಟಿತು. ಹೊಸ ಶಾಸನ ಸಿದ್ಧವಾಗುತ್ತಿದ್ದುದರಿಂದ ಹಳೆಯದನ್ನು ಒಡನೆಯೇ ರದ್ದುಗೊಳಿಸಲಿಲ್ಲ. 2000ದ ಮಾರ್ಚ್ 31ರಂದು ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾನೂನು (1999) ವರ್ಷಕ್ಕೆ ಶೇಕಡಾ 4ರ ಏರಿಕೆಗೆ ಒಪ್ಪಿತು. ಪಗಡಿಯನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಬ್ಯಾಂಕುಗಳನ್ನೂ ದೊಡ್ಡ ಕಂಪನಿಗಳನ್ನೂ ರಕ್ಷಣೆಯ ಹೊರಗಿರಿಸಿತು. ಕರಾರುಗಳು ಲಿಖಿತವಾಗಿ ನೋಂದಣಿಯಾಗಬೇಕೆಂದು ವಿಧಿಸಿತು. ಸರಕಾರದ ಹಳೆಯ 207 ಚಾಳುಗಳ ಪುನರ್ನಿರ್ಮಾಣವೂ ಮೊದಲಾಗಿ, 2025ರ ಆಗಸ್ಟಿನಲ್ಲಿ ವರಳಿಯ ಮೊದಲ ತಂಡದ ಸಂಸಾರಗಳು 160 ಚದರಡಿಯ ಖೋಲಿಗೆ ಬದಲಾಗಿ 500 ಚದರಡಿಯ ಮನೆಗಳ ಕೀಲಿಕೈ ಪಡೆದುವು.

ಉಪಸಂಹಾರ

ಇಂದು ಬಾಡಿಗೆಯ ಮನೆಗೆ ಬಂಡವಾಳ ಹೂಡುವವನು ಇಡೀ ಚಾಳಿನ ಸಾಹುಕಾರನಲ್ಲ. ತನ್ನ ವಾಸದ ಮನೆಯಲ್ಲದೆ ಮತ್ತೊಂದು ಫ್ಲಾಟನ್ನು ಬ್ಯಾಂಕಿನ ಸಾಲದಿಂದ ಕೊಳ್ಳುವ ಸಂಬಳದಾರ. 1977ರಲ್ಲಿ ಎಚ್.ಡಿ.ಎಫ್.ಸಿ. ಸ್ಥಾಪನೆಯಾದ ಬಳಿಕ ದೀರ್ಘಾವಧಿಯ ಗೃಹಸಾಲ ಮಧ್ಯಮ ವರ್ಗಕ್ಕೆ ಎಟುಕುವಂತಾಯಿತು. ಮನೆಯ ಬೆಲೆಯ ಮುಕ್ಕಾಲು ಪಾಲಿಗೂ ಕಡಿಮೆಯಿಲ್ಲದಷ್ಟು ಸಾಲ ದೊರೆಯುವ ಈ ಕಾಲದಲ್ಲಿ ಹಳೆಯ ಲೆಕ್ಕ ಹಳೆಯದಾಗಿಲ್ಲ. ನಗರಗಳಲ್ಲಿ ವರ್ಷದ ಬಾಡಿಗೆ ಮನೆಯ ಬೆಲೆಯ ಶೇಕಡಾ ಎರಡರಿಂದ ನಾಲ್ಕರೊಳಗಿರುವುದೇ ಸಾಮಾನ್ಯ. ಸಾಲದ ಬಡ್ಡಿ ಅದಕ್ಕಿಂತ ಬಹಳ ಮೇಲೆ. ಅಂದರೆ ಬಾಡಿಗೆಯಿಂದಲೇ ಸಾಲ ತೀರುವುದೆಂಬ ಲೆಕ್ಕ ಮೊದಲ ದಿನವೇ ತಪ್ಪು. ಉಳಿದ ಕಂತನ್ನು ಸಂಬಳದಿಂದ ತುಂಬಬೇಕು. ತುಂಬುವ ಶಕ್ತಿಯಿಲ್ಲದವನು 1,920 ರೂಪಾಯಿಯ ಚಾಳಿನ ಮಾಲೀಕನ ಸ್ಥಿತಿಗೇ ಬರುತ್ತಾನೆ, ಮತ್ತು ಅವನು ಕತ್ತರಿಸಿದಲ್ಲಿಯೇ ಕತ್ತರಿಸುತ್ತಾನೆ.

ಚರಿತ್ರೆಯ ಸಾಕ್ಷ್ಯವನ್ನು ಒಟ್ಟಾಗಿ ನೋಡಿದರೆ ಮಾಲೀಕನ ಲೋಭವೊಂದನ್ನೇ ದೂರುವುದಾಗಲಿ, ಕಾನೂನಿನ ಕುರುಡನ್ನೊಂದನ್ನೇ ದೂರುವುದಾಗಲಿ ಸಲ್ಲದು. ಲೋಭವು ಗುತ್ತಿಗೆಯ ಕಾಲದಲ್ಲಿ ಕಟ್ಟಡದ ಪಾಲನ್ನು ತಿಂದಿತು. ಕರುಣೆಯು ನಿಯಂತ್ರಣದ ಕಾಲದಲ್ಲಿ ಅದೇ ಪಾಲನ್ನು ತಿಂದಿತು. ಸೋರುವ ಛಾವಣಿಗೆ ಎರಡರ ಭೇದ ತಿಳಿಯದು. ಗಾಮದೇವಿಯ ಸಂಘದ ಜಮಾಖರ್ಚಿನಲ್ಲಿ ಮಾತ್ರ, ಬಡ್ಡಿ ಮತ್ತು ತೆರಿಗೆಗಳ ಸಾಲಿನಲ್ಲಿಯೇ ದುರಸ್ತಿಗೂ ಒಂದು ಅಂಕಣವಿದ್ದಿತು. ಲಾಭದ ಮಾತು ಅದರ ಬಳಿಕ. ಹೊಸದಾಗಿ ಮನೆ ಕೊಂಡು ಬಾಡಿಗೆಗೆ ಕೊಡಹೊರಟವನು ಮೊದಲ ತಿಂಗಳ ಬಾಡಿಗೆ ಕೈಗೆ ಬಂದ ದಿನ ತನ್ನ ಪುಸ್ತಕದಲ್ಲಿ ಎಳೆಯಬೇಕಾದ ಗೆರೆಯೂ ಅದೇ.